ಎರವಲು ಕೊಟ್ಟ ಚಂದ್ರಿಕೆ

ಗುಡೇಮಾರನಹಳ್ಳಿಯಲ್ಲಿ ಯಾರನ್ನಾದರೂ ನಿಲ್ಲಿಸಿ, "ಈ ಸಲ ರೇಷ್ಮೆ ಹೇಗಾಯ್ತು?" ಎಂದು ಕೇಳಿ ನೋಡಿ. "ಏನ್ ಆಯ್ತದೆ ಬುಡಿ, ಸೊಪ್ಪಿನ ಖರ್ಚೂ ಹುಟ್ನಿಲ್ಲ" ಅನ್ನುತ್ತಾರೆ. ಹಾಗಂದವರ ಮನೆ ಮುಂದೆ ಹೊಸ ಬೈಕು ನಿಂತಿರುತ್ತದೆ, ಒಳಗೆ ಮಗಳಿಗೆ ಓಲೆ ಮಾಡಿಸುವ ಮಾತು ನಡೆದಿರುತ್ತದೆ. ಇದನ್ನು ಸುಳ್ಳು ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಕಣ್ಣು ಬೀಳುತ್ತದೆ, ಮುಂದಿನ ಬೆಳೆಗೆ ಸುಣ್ಣಕಟ್ಟು ರೋಗ ಬಂದು ಹುಳವೆಲ್ಲ ಬೆಳ್ಳಗೆ ಬಿಗಿದುಕೊಂಡು ಸಾಯುತ್ತದೆ ಎಂಬ ಭಯ ಅವರದು. ಹುಳ ಸಾಕುವವರಲ್ಲಿ ಈ ಭಯ ಇಲ್ಲದವರನ್ನು ಹುಡುಕಿ ತೆಗೆಯಬೇಕು.

ಇಂಥ ಊರುಗಳಲ್ಲಿ ಮನೆಮನೆಗೆ ಹೋಗಿ "ಎಷ್ಟು ಬೆಳೆದ್ರಿ, ಎಷ್ಟು ಬಂತು" ಎಂದು ಕೇಳುವ ಕೆಲಸ ಲತಾಮಣಿಯದು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ ಮಾಗಡಿ ತಾಲ್ಲೂಕಿನ ಹಳ್ಳಿಗಳ ಆದಾಯದ ಸರ್ವೆ ಮಾಡಿಸುತ್ತಿತ್ತು. ಕೈಗೊಂದು ಟ್ಯಾಬ್ ಕೊಟ್ಟು ಕಳಿಸಿತ್ತು. ಲತಾಮಣಿ ಕನಕಪುರದ ಕಡೆಯ ಹುಡುಗಿ. ಅಪ್ಪ ದಾಸಪ್ಪನೂ ಹುಳ ಸಾಕಿದವನೇ. ಕನಕಪುರದಲ್ಲೇ ಬಿ.ಎ. ಓದಿದಳು, ಅದರಲ್ಲಿ ಅರ್ಥಶಾಸ್ತ್ರವೆಂದರೆ ಪ್ರಾಣ. ಜನ ಬಾಯಲ್ಲಿ ಹೇಳುವುದೊಂದು, ಕೈಯಲ್ಲಿ ಮಾಡುವುದೊಂದು; ಲೆಕ್ಕ ಹಾಕಲು ಬಂದರೆ ನಡುವೆ ಅಡಗಿದ್ದು ತಾನಾಗಿ ಹೊರಗೆ ಬರುತ್ತದೆ ಎಂದು ಅವಳ ಮೇಷ್ಟ್ರು ಒಮ್ಮೆ ಹೇಳಿದ್ದರು. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಓದು ಮುಗಿದ ಮೇಲೆ ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ದುಡಿದಳು. ಆಮೇಲೆ ಗುಡೇಮಾರನಹಳ್ಳಿಯ ನಟರಾಜುವಿನ ಕೈ ಹಿಡಿದು ಬಂದಳು, ಬಂದಾಗಿನಿಂದ ಇಂಥ ಸರ್ವೆಗಳಿಗೆ ಹೋಗುತ್ತಿದ್ದಳು.

ಬಂದ ವರ್ಷವೇ ಅತ್ತೆ ವೆಂಕಟಲಕ್ಷ್ಮಮ್ಮ ನೀರಿನ ಟ್ಯಾಂಕಿನ ಹತ್ತಿರ ನಾಲ್ಕು ಹೆಂಗಸರ ಮುಂದೆ, "ಈ ಸೊಸೆ ಕಾಲಿಟ್ಟ ಮ್ಯಾಲೆ ನಮ್ಮನೇಲಿ ಹುಳ ಮ್ಯಾಕೇ ಏಳ್ನಿಲ್ಲ ಕಣವ್ವ" ಅಂದಳು. ಕಾಲ್ಗುಣದ ಮಾತಿಗೆ ಕಾಲು ಬಹಳ ಬೇಗ ಬರುತ್ತದೆ. ಕನಕಪುರದ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರ ಬಾಯಿಂದ ಅದು ಲತಾಮಣಿಯ ಹೆತ್ತವ್ವನ ಕಿವಿಗೆ ಬಿತ್ತು. ಬಡಿಸಿದ ಎಲೆ ಬಿಟ್ಟು ಆ ತಾಯಿ ಎದ್ದು ಬಂದಳು. ಅದನ್ನು ಕೇಳಿದ ದಿನ ಲತಾಮಣಿ ಅತ್ತಷ್ಟು ತನ್ನ ಮದುವೆಯ ದಿನವೂ ಅತ್ತಿರಲಿಲ್ಲ.

ಹುಳದ ಮನೆ ಇದ್ದದ್ದು ಊರಾಚೆ, ಹಿಪ್ಪುನೇರಳೆ ತೋಟದಲ್ಲಿ. ಅದರೊಳಗೆ ಲತಾಮಣಿಗೆ ಪ್ರವೇಶವಿರಲಿಲ್ಲ. "ಹತ್ತು ಮನೆ ಹುಳ ನೋಡ್ಕಂಡ್ ಬತ್ತೀಯ, ಕಾಲಲ್ಲಿ ರೋಗ ತತ್ತೀಯ" ಎಂದು ಅತ್ತೆ ಬಾಗಿಲಲ್ಲೇ ತಡೆಯುವಳು. ಅದರಲ್ಲಿ ನ್ಯಾಯವೂ ಇತ್ತೆನ್ನಿ. ತಾಯಿ ಮಗ ಇಬ್ಬರೇ ಗೂಡು ಬಿಡಿಸಿ, ಮೂಟೆ ಕಟ್ಟಿ, ಗೂಡ್ಸ್ ಆಟೋದಲ್ಲಿ ರಾಮನಗರದ ಮಾರುಕಟ್ಟೆಗೆ ಒಯ್ಯುತ್ತಿದ್ದರು. ಹೇಗಾಯಿತೆಂದು ಕೇಳಿದರೆ ಅತ್ತೆ ಹಣೆ ಚಚ್ಚಿಕೊಳ್ಳುವಳು. ಗಂಡ "ಒಸಿ ಆಯ್ತು" ಎಂದು ಸ್ನಾನಕ್ಕೆ ಹೋಗುವನು. ಹೀಗಾಗಿ ಬೆಳೆ ಹೋಗಿದೆಯೆಂದೇ ಅವಳು ನಂಬಿದ್ದಳು. ಊರಿಗೆ ಸುಳ್ಳು ಹೇಳುವುದು ತನ್ನಪ್ಪನ ಮನೆಯಲ್ಲೂ ಇತ್ತು, ಆದರೆ ಮನೆಯವರಿಗೆ ಮನೆಯವರೇ ಸುಳ್ಳು ಹೇಳುತ್ತಾರೆಂದು ಯಾರಿಗೆ ಹೊಳೆಯುತ್ತದೆ? ಇಷ್ಟು ಓದಿದವಳು ಹೊಸಿಲು ದಾಟುವಾಗ ಒಮ್ಮೊಮ್ಮೆ ತನ್ನ ಪಾದ ನೋಡಿಕೊಳ್ಳುವಳು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಈ ಯುಗಾದಿಯ ಹೊತ್ತಿಗೆ ಬೇರೆ ಹೋಗಿಬಿಡುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು. ಮಾಗಡಿಯಲ್ಲಿ ಒಂದು ಬಾಡಿಗೆ ಮನೆ ನೋಡಿದ್ದಾಗಿತ್ತು, ಸೋಮವಾರ ಹೋಗಿ ಅಡ್ವಾನ್ಸ್ ಕೊಡುವುದಷ್ಟೇ ಬಾಕಿ. ನಟರಾಜು ಹೂಂ ಅಂದಿದ್ದ, ಆದರೆ ಅವ್ವನಿಗೆ ಇನ್ನೂ ಹೇಳಿರಲಿಲ್ಲ. ಒಬ್ಬನೇ ಮಗ. ಒಂದು ಸಲ ಒಲೆ ಎರಡಾದರೆ ಮತ್ತೆ ಒಂದಾಗುವುದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸರ್ವೆ ಗುಡೇಮಾರನಹಳ್ಳಿಗೆ ಬಂದದ್ದು ಆ ಸೋಮವಾರಕ್ಕೆ ಮುಂಚಿನ ವಾರ. ಅವಳ ಮೇಲ್ವಿಚಾರಕ ಯೋಗಾನಂದ, ಚನ್ನಪಟ್ಟಣದವನು, ಎಂ.ಎ. ಮಾಡಿದವನು, ನಗುಮುಖದ ಮನುಷ್ಯ. ಮೊದಲ ದಿನದ ಉತ್ತರಗಳನ್ನು ಟ್ಯಾಬಿನಲ್ಲಿ ನೋಡಿ ಅವನು ನಕ್ಕುಬಿಟ್ಟ.

"ಈ ಲೆಕ್ಕದ ಪ್ರಕಾರ ನಿಮ್ಮೂರಿನವರೆಲ್ಲ ಹೋದ ವರ್ಷವೇ ಉಪವಾಸ ಸತ್ತಿರಬೇಕು ಮೇಡಂ."

"ಮಾರುಕಟ್ಟೆಯಲ್ಲಿ ತೂಕ ಮಾಡಿರ್ತಾರಲ್ಲ ಸಾರ್, ಅದನ್ನು ನೋಡಿದ್ರೆ?"

"ಒಂದು ಮೂಟೆ ರಾಮನಗರಕ್ಕೆ, ಒಂದು ಕನಕಪುರಕ್ಕೆ. ಒಂದು ಇವನ ಹೆಸರಲ್ಲಿ, ಇನ್ನೊಂದು ಭಾವಮೈದನ ಹೆಸರಲ್ಲಿ. ಎಲ್ಲಿ ಅಂತ ಹುಡುಕ್ತೀರ?" ಅವನು ಸ್ವಲ್ಪ ಯೋಚಿಸಿ ಹೇಳಿದ. "ಇರೋದನ್ನ ಕೇಳಿದ್ರೆ ಮುಚ್ಕೋತಾರೆ. ಕೊಟ್ಟಿದ್ದನ್ನ ಕೇಳಿ. ಕೊಟ್ಟೆ ಅಂತ ಹೇಳ್ಕೊಳ್ಳೋಕೆ ಯಾರಿಗೆ ಭಯ?"

ಲತಾಮಣಿಗೆ ಥಟ್ಟನೆ ಚಂದ್ರಿಕೆ ನೆನಪಾಯಿತು. ಬಿದಿರಿನ ಚಾಪೆಯ ಮೇಲೆ ಸೀಳಿದ ದಬ್ಬೆಯನ್ನು ಸುರುಳಿ ಸುರುಳಿಯಾಗಿ ಹೆಣೆದಿರುತ್ತಾರಲ್ಲ, ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವುದು ಅದರ ಮೇಲೆ. ಹುಳ ಹಣ್ಣಾಗುವುದು ಒಟ್ಟಿಗೆ. ಬೆಳೆ ಚೆನ್ನಾಗಿದ್ದರೆ ಮನೆಯ ಚಂದ್ರಿಕೆ ಸಾಲುವುದಿಲ್ಲ, ಅಕ್ಕಪಕ್ಕದವರ ಹತ್ತಿರ ಓಡಬೇಕು. ಕೇಳಿದರೆ ಯಾರೂ ಇಲ್ಲ ಅನ್ನುವಂತಿಲ್ಲ, ಯಾಕೆಂದರೆ ಹಣ್ಣಾದ ಹುಳ ಕಾಯುವುದಿಲ್ಲ. ಕೊಟ್ಟವರು ಮಾತ್ರ ಸತ್ತರೂ ಮರೆಯುವುದಿಲ್ಲ. ಬೆಳೆ ಹೋದವನಿಗೆ ಎರವಲಿನ ಅಗತ್ಯವೇ ಬರುವುದಿಲ್ಲ. ಹಾಗಾದರೆ ಯಾರು ಯಾರಿಗೆ ಕೊಟ್ಟರು ಎಂದು ಕೇಳುತ್ತ ಹೋದರೆ ಯಾರಿಗೆ ಬೆಳೆ ಬಂತು ಎನ್ನುವುದು ಗೊತ್ತಾಗುತ್ತದೆ.

ಯೋಗಾನಂದ ಇದನ್ನು ಕೇಳಿ ಕುಣಿದಾಡಿದ. ಮರುದಿನದಿಂದ ಪ್ರಶ್ನೆ ಬದಲಾಯಿತು. ಬೆಳೆಯ ಮಾತೆತ್ತಿದರೆ ತುಟಿ ಬಿಗಿಯುತ್ತಿದ್ದವರೆಲ್ಲ ಚಂದ್ರಿಕೆಯ ಮಾತಿಗೆ ಬಾಯ್ತುಂಬ ಮಾತಾಡಿದರು. ಕೊಟ್ಟದ್ದು, ಅವರು ಸುರುಳಿ ಕಿತ್ತುಹಾಕಿ ವಾಪಸು ತಂದದ್ದು, ಒಂದನ್ನು ನುಂಗಿ ನೀರು ಕುಡಿದದ್ದು, ಎಲ್ಲ ಬಂತು. ಲತಾಮಣಿಗೆ ಕುಶಿಯೋ ಕುಶಿ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಬೀದಿಯ ಚಿಕ್ಕಲಕ್ಷ್ಮಮ್ಮನ ಜಗಲಿಯಲ್ಲಿ ಕೂತು, "ನೀವು ಯಾರಿಗೆ ಕೊಟ್ರಿ ಅಕ್ಕ?" ಎಂದು ಕೇಳಿದಳು.

"ಯಾರ್ಗೆ ಅಂದ್ರೆ? ನಿಮ್ಮತ್ತೆಗೇ ಕಣಮ್ಮಿ. ಇದ್ದಬದ್ದವೆಲ್ಲ ಹೊತ್ಕಂಡ್ ಹೋದ್ಳು. ಅದೂ ಸಾಲ್ದು ಅಂತ ಮ್ಯಾಗಲ ಬೀದಿಗೆ ಓಡಿದ್ಳು."

"ಯಾವಾಗ?"

"ಯಾವಾಗ್ಲೂವೆ. ನೀನ್ ಮದ್ವೆ ಆಗಿ ಬಂದ ವರ್ಷದಿಂದ ನಮ್ ಚಂದ್ರಿಕೆ ನಮ್ಮನೇಲ್ ಇದ್ರೆ ಕೇಳು."

ಮೇಲಿನ ಬೀದಿಯಲ್ಲೂ ಅದೇ ಉತ್ತರ. ಪಕ್ಕದ ಓಣಿಯಲ್ಲೂ ಅದೇ. ಎಲ್ಲರ ಚಂದ್ರಿಕೆಯೂ ಅವಳ ಮನೆಯ ಕಡೆಗೇ ನಡೆದಿತ್ತು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹುಳ ಎದ್ದಿದ್ದು ವೆಂಕಟಲಕ್ಷ್ಮಮ್ಮನ ಮನೆಯಲ್ಲಿ, ಅದೂ ಈ ಸೊಸೆ ಕಾಲಿಟ್ಟ ವರ್ಷದಿಂದ. ಲತಾಮಣಿ ಟ್ಯಾಬ್ ಮುಚ್ಚಿ ಅರಳಿಕಟ್ಟೆಯ ಮೇಲೆ ಕೂತಳು. ಸಂತೋಷ ಪಡಬೇಕೋ ಯಾರನ್ನಾದರೂ ಹಿಡಿದು ಬಡಿಯಬೇಕೋ ತಿಳಿಯಲಿಲ್ಲ.

ಸಂಜೆ ಗಂಡನನ್ನು ಹಿತ್ತಲಿಗೆ ಕರೆದು ನಿಲ್ಲಿಸಿಕೊಂಡಳು.

"ಬೆಳೆ ಚೆನ್ನಾಗೇ ಬಂದೈತಂತೆ?"

"ಯಾರಂದ್ರು?" ನಟರಾಜು ಬೆಚ್ಚಿ ಅತ್ತಿತ್ತ ನೋಡಿದ. "ಮೆಲ್ಲಗ್ ಮಾತಾಡು ಲತಾ."

"ನನಗೂ ಯಾಕೆ ಹೇಳ್ಲಿಲ್ಲ?"

"ಅವ್ವ ಬ್ಯಾಡ ಅಂದಿತ್ತು. ಅದು ಯಾವತ್ತು ಚೆನ್ನಾಗಿರಾದನ್ನ ಚೆನ್ನಾಗೈತೆ ಅಂದದೆ ಹೇಳು? ಧನುನ ಏನಂತ ಕರೀತದೆ?"

ಧನುಶ್ರೀ ಅವರ ಮಗಳು, ಮೂರು ವರ್ಷದ ಮುದ್ದು ಕೂಸು. ಅಜ್ಜಿ ಅವಳ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಬಾಯ್ತುಂಬ "ಕೋತಿಮರಿ" ಎಂದೇ ಕರೆಯುವುದು. ಆ ಕೋತಿಮರಿಗೆ ಒಂದು ಸೀನು ಬಂದರೂ ರಾತ್ರಿಯೆಲ್ಲ ಮಗ್ಗುಲಲ್ಲೇ ಕೂತಿರುತ್ತಾಳೆ.

"ಹಂಗಾದ್ರೆ ನನ್ ಕಾಲ್ಗುಣ?"

"ಅದೂ ಹಂಗೇ ಇರ್ಬೌದು."

"ಇರ್ಬೌದಾ?"

"ನಂಗೇನ್ ಗೊತ್ತು? ನೀನೇ ಅಲ್ವಾ ಸರ್ವೆ ಮಾಡಾಳು" ಎಂದು ಅವನು ಜಾರಿಕೊಂಡ. ಗಂಡಸರ ಬುದ್ಧಿಯೇ ಅಷ್ಟು. ಅವ್ವ, ಹೆಂಡತಿ ಇಬ್ಬರ ನಡುವೆ ಸಿಕ್ಕಿದ ಹೊತ್ತಿನಲ್ಲೇ ದನಕ್ಕೆ ನೀರು ಕುಡಿಸುವುದು ನೆನಪಾಗುತ್ತದೆ.

ಅವಳ ತಲೆ ಕೆಟ್ಟಿತು. ಕೂಸನ್ನು ಕೋತಿ ಅನ್ನುವುದು, ಬಂದ ಬೆಳೆಯನ್ನು ಹೋಯಿತು ಅನ್ನುವುದು, ಸೊಸೆಯ ಕಾಲು ಕೆಟ್ಟದ್ದು ಅನ್ನುವುದು, ಮೂರೂ ಒಂದೇ ಜಾತಿಯ ಮಾತಾದರೆ ತಾನು ಈ ಮನೆಯ ಸಿರಿ. ಆದರೆ ಅತ್ತೆ ಬೆಳೆಯ ಸುಳ್ಳನ್ನು ತನಗೂ ಹೇಳಿದಳಲ್ಲ? ಅಂದರೆ ಕಣ್ಣು ಹಾಕುವ ಹೊರಗಿನವರ ಸಾಲಿಗೆ ತನ್ನನ್ನೂ ಸೇರಿಸಿದ್ದಾಳೆ. ತನ್ನ ಬಗ್ಗೆ ಊರಿಗೆ ಹೇಳಿದ್ದನ್ನು ನೋಡಿದರೆ ತಾನು ಒಳಗಿನವಳು, ತನಗೇ ಹೇಳಿದ್ದನ್ನು ನೋಡಿದರೆ ಹೊರಗಿನವಳು. ಒಂದೇ ಅತ್ತೆಯ ಒಂದೇ ಬಾಯಿಂದ ಎರಡು ಲೆಕ್ಕ ಬಂದರೆ ಯಾವುದನ್ನು ನಂಬುವುದು?

ಅತ್ತೆಯನ್ನೇ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಕೇಳಿ ಏನು ಪ್ರಯೋಜನ? ನೀನು ಒಳ್ಳೆಯವಳು ಎಂದು ಅವಳ ಬಾಯಲ್ಲಿ ಬರುವುದಿಲ್ಲ. ಕೆಟ್ಟವಳು ಅಂದರೆ, ಅದು ಯಾವ ಕೆಟ್ಟವಳು ಎಂದು ಮತ್ತೆ ಮೊದಲಿನಿಂದ ಶುರು.

ಸರ್ವೆ ಮಾಡುವವರು ತಮ್ಮ ಸ್ವಂತ ಮನೆಯ ಉತ್ತರ ಬರೆದುಕೊಳ್ಳುವಂತಿರಲಿಲ್ಲ. ಹಾಗಾಗಿ ಶನಿವಾರ ಯೋಗಾನಂದನೇ ಮನೆಗೆ ಬಂದ. ವೆಂಕಟಲಕ್ಷ್ಮಮ್ಮ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕಾಲು ಚಾಚಿ ಕೂತಳು. ಲತಾಮಣಿ ಬಾಗಿಲಿಗೆ ಒರಗಿ ನಿಂತಳು.

"ರೇಷ್ಮೆ ಹೇಗಮ್ಮ?"

"ಅಯ್ಯೋ ಅದೊಂದ್ ಕೇಳ್ಬ್ಯಾಡ ಕಣಪ್ಪ. ಎಲ್ಲ ಹೋಯ್ತು."

"ಹಸು?"

"ಒಂದೈತೆ, ಬಡಕಲು."

ಅಷ್ಟರಲ್ಲಿ ಕೊಟ್ಟಿಗೆಯಿಂದ ಬಡಕಲು ಹಸು ಗಟ್ಟಿಯಾಗಿ ಅಂಬಾ ಅಂತು. ಅದಕ್ಕೆ ಉತ್ತರವಾಗಿ ಇನ್ನೊಂದೂ ಅಂಬಾ ಅಂತು. ಯೋಗಾನಂದ ಮಜ್ಜಿಗೆಯ ಲೋಟದಲ್ಲಿ ಮುಖ ಮುಚ್ಚಿಕೊಂಡ.

"ದುಡಿಯೋರು ಎಷ್ಟು ಜನ?"

"ನನ್ ಮಗ ಒಬ್ನೇ."

"ಇವ್ರು?" ಅವನು ಬಾಗಿಲ ಕಡೆ ಕೈ ತೋರಿಸಿದ.

"ಅವ್ಳಾ? ಅವ್ಳೇನ್ ಮಾಡಾಳು. ಊರೂರು ಸುತ್ತುತಾಳೆ. ಒಂದು ಮುದ್ದೆ ನೆಟ್ಟಗೆ ಕಟ್ಟಾಕ್ ಬರಲ್ಲ."

"ಸಂಬಳ ಬರುತ್ತಲ್ಲಮ್ಮ?"

"ಯಾವ ಸಂಬಳ? ಬಸ್ ಚಾರ್ಜಿಗೇ ಆಗೋಯ್ತದೆ."

"ಹೆಂಗಸ್ರಿಗೆ ಬಸ್ಸು ಫ್ರೀ ಅಲ್ವಾ?"

"ಫ್ರೀ ಆಗಿದ್ಕೇ ಒಸಿ ಉಸ್ರಾಡ್ತಾ ಅವ್ಳೆ" ಎಂದು ವೆಂಕಟಲಕ್ಷ್ಮಮ್ಮ ಸಾವರಿಸಿಕೊಂಡಳು.

ಆಮೇಲೆ ಅವನು ಮಕ್ಕಳೆಷ್ಟು ಎಂದು ಕೇಳಿದ. ಅಜ್ಜಿ ಧನುಶ್ರೀಯನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡು, "ಇದೊಂದು ಕೋತಿಮರಿ. ಬರ್ಕಳ್ಳಲೇಬೇಕಾ?" ಅಂದಳು. ಅವಳ ದನಿ ನಿಜವಾಗಿ ನಡುಗಿತು.

ಬಾಗಿಲಲ್ಲಿ ನಿಂತ ಲತಾಮಣಿಯ ಎದೆ ತುಂಬಿ ಬಂತು. ಬೆಳೆ, ಹಸು, ತಾನು, ಕೂಸು. ಅತ್ತೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೀಗಳೆದಿದ್ದಳು. ಇನ್ನೇನು ಬೇಕು ಸಾಕ್ಷಿ ಅಂದುಕೊಳ್ಳುವಷ್ಟರಲ್ಲಿ ವೆಂಕಟಲಕ್ಷ್ಮಮ್ಮ ಜಗಲಿಯ ಮೇಲೆ ಮಲಗಿದ್ದವನತ್ತ ಗದ್ದ ತಿರುವಿದಳು. "ಅವ್ನು ನನ್ ತಮ್ಮ ಬಾಲರಾಜು. ದಂಡಪಿಂಡ. ಅವ್ನ ಹೆಸ್ರು ಬ್ಯಾಡ, ಬುಡಪ್ಪ."

ಲತಾಮಣಿ ಕುಸಿದುಹೋದಳು. ಯಾಕೆಂದರೆ ಬಾಲರಾಜು ನಿಜವಾಗಿಯೂ ದಂಡಪಿಂಡ. ಬೆಳಗ್ಗೆ ಎದ್ದರೆ ಅಕ್ಕನ ಮನೆಯ ಮುದ್ದೆ, ಸಂಜೆಯಾದರೆ ಬಾರು. ಅದರಲ್ಲಿ ಎರಡು ಮಾತಿಲ್ಲ. ಅವಳು ಕಷ್ಟಪಟ್ಟು ಕಟ್ಟಿದ ಗೂಡನ್ನು ಬಾಲರಾಜು ಮಲಗಿದ್ದಲ್ಲಿಂದಲೇ ಕೆಡವಿದ.

ಬಸ್ ಸ್ಟ್ಯಾಂಡಿನವರೆಗೆ ಯೋಗಾನಂದನ ಜೊತೆ ನಡೆಯುತ್ತ ಅವಳು ಎಲ್ಲವನ್ನೂ ಹೇಳಿಕೊಂಡಳು, ಮಾಗಡಿಯ ಮನೆಯ ವಿಷಯವನ್ನೂ.

"ಎಲ್ಲರನ್ನೂ ಬೈಯೋರ ಬೈಗುಳದಿಂದ ಏನೂ ಗೊತ್ತಾಗಲ್ಲ ಮೇಡಂ. ಹೊಗಳೋದು ಯಾರನ್ನ, ಅದನ್ನ ನೋಡಿ."

ಲತಾಮಣಿ ನೆನಪಿಸಿಕೊಂಡಳು. ಅತ್ತೆ ಹೊಗಳುವುದು ತನ್ನ ಓರಗಿತ್ತಿಯನ್ನು, ಜಮೀನಿನ ಬದು ಒತ್ತಿ ಕೋರ್ಟಿಗೆ ಹೋದವಳನ್ನು. ಎದುರು ಸಿಕ್ಕರೆ, "ನಿಮ್ಗೇನವ್ವ, ಬಂಗಾರದಂತ ಸೊಸೆ" ಅನ್ನುವಳು. ಮನೆಗೆ ಬಂದು ಶಾಪ ಹಾಕಿ ನೆಟಿಕೆ ಮುರಿಯುವಳು.

"ಯಾರನ್ನು ಕಂಡ್ರೆ ಆಗಲ್ವೋ ಅವರನ್ನೇ ಹೊಗಳೋದು ಸಾರ್."

"ಹಾಗಾದ್ರೆ ನೀವು ಗೆದ್ದಂಗೆ."

"ಬಾಲರಾಜು?"

ಯೋಗಾನಂದ ಕತ್ತು ಕೆರೆದುಕೊಂಡ. "ಅವನೂ ತಮ್ಮನೇ ಅಲ್ವಾ. ಅನ್ನ ಹಾಕ್ತಿದ್ದಾರಲ್ಲ. ಪ್ರೀತಿ ಇರಬಹುದು, ಇಲ್ದೇನೂ ಇರಬಹುದು. ನಿಜ ಹೇಳ್ಲಾ? ಒಂದು ಮನೆ, ಒಬ್ರು ಅತ್ತೆ. ಇಷ್ಟರ ಮೇಲೆ ಯಾವ ತೀರ್ಮಾನಾನೂ ನಿಲ್ಲಲ್ಲ. ಸಾವಿರ ಅತ್ತೆಯರು ಸಿಕ್ಕಿದ್ರೆ ಹೇಳ್ತಿದ್ದೆ." ಬಸ್ಸು ಬಂತು. ಅವನು ಹತ್ತಿಕೊಂಡು ಹೋದ. ಒಬ್ಬ ಅತ್ತೆಯ ಜೊತೆ ಏಗುವುದೇ ಇಷ್ಟಾಗಿರುವಾಗ ಸಾವಿರ ಜನರನ್ನು ಎಲ್ಲಿಂದ ತರುವುದು ಎಂದುಕೊಂಡು ಅವಳು ಮನೆಗೆ ಬಂದಳು.

ಭಾನುವಾರ ಅತ್ತೆಯ ಮುಖವನ್ನೇ ನೋಡುತ್ತ ಕಳೆದಳು. ಮುದ್ದೆ ತಟ್ಟೆಗೆ ಹಾಕುವಾಗ, ಕೂಸಿನ ತಲೆಗೆ ಎಣ್ಣೆ ಹಚ್ಚುವಾಗ, ಕಸ ಗುಡಿಸುವಾಗ. "ಏನವ್ವ ಹಂಗ್ ನೋಡ್ತೀಯ? ಮೂತಿಗೇನಾದ್ರೂ ಮೆತ್ಕಂಡೈತಾ?" ಎಂದು ಅತ್ತೆ ಗದರಿದಳು. ಅದರಿಂದಲೂ ಏನೂ ತಿಳಿಯಲಿಲ್ಲ. ಹೆತ್ತವ್ವ ಎಲೆ ಬಿಟ್ಟು ಎದ್ದದ್ದು ನೆನಪಾದಾಗ, ಪ್ರೀತಿಯಿಂದ ಬೈದರೂ ಬೈಗುಳ ಬೈಗುಳವೇ ಅನ್ನಿಸಿ, ಹೋಗುವುದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಸೋಮವಾರ ಬೆಳಗ್ಗೆ ವೆಂಕಟಲಕ್ಷ್ಮಮ್ಮ ತೋಟಕ್ಕೆ ಹೋದ ಮೇಲೆ ಕೂಸನ್ನು ಅಂಗನವಾಡಿಗೆ ಬಿಟ್ಟು ಇಬ್ಬರೂ ಹೊರಟರು. ಅಡ್ವಾನ್ಸಿನ ದುಡ್ಡು ಲತಾಮಣಿಯ ಬ್ಯಾಗಿನಲ್ಲಿತ್ತು. ನಟರಾಜು ಬೈಕ್ ಸ್ಟಾರ್ಟ್ ಮಾಡಿದ. ಅವಳು ಹಿಂದೆ ಹತ್ತಲು ಸೀರೆ ಸರಿಮಾಡಿಕೊಳ್ಳುತ್ತಿದ್ದಾಗ ಚಿಕ್ಕಲಕ್ಷ್ಮಮ್ಮ ಕೊಡ ಹೊತ್ತು ಎದುರಿಗೆ ಬಂದಳು.

"ನಿಮ್ಮತ್ತೆನ ನೋಡ್ದೆ ಕಣಮ್ಮಿ. ಆಗ್ಲೇ ಎಲ್ಡು ಹೊರೆ ಸೊಪ್ಪು ಹೊತ್ಹಾಕವ್ಳೆ. ಈ ವಯಸ್ನಾಗೂ ಹೆಂಗವ್ಳೆ ನೋಡು, ಕಲ್ಲುಗುಂಡಿನಂಗೆ! ಒಂದು ನೋವಿಲ್ಲ, ಒಂದು ಕಾಯ್ಲೆ ಇಲ್ಲ."

ಲತಾಮಣಿಯ ಕೈ ತಾನಾಗಿ ಬ್ಯಾಗನ್ನು ಬಿಗಿಯಾಗಿ ಹಿಡಿಯಿತು. ಏನು ಹೇಳುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಯಿ ಮಾತಾಡಿತು.

"ಎಲ್ಲಿ ಕಲ್ಲುಗುಂಡು ಬುಡಕ್ಕ. ರಾತ್ರಿಯೆಲ್ಲ ಮಂಡಿ ನೋವು ಅಂತ ನರಳಾಟ. ಕೈಲಾ‌ಗಲ್ಲ, ಸುಮ್ನೆ ಕೂರಲ್ಲ. ನಮ್ಗೊಂದು ಕಾಟ ಆಗೋಗದೆ."

"ಅಯ್ಯೋ ಪಾಪ" ಎಂದು ಚಿಕ್ಕಲಕ್ಷ್ಮಮ್ಮ ಕೊಡ ಸರಿಮಾಡಿಕೊಂಡು ಹೋದಳು. ಅವಳು ಮೂಲೆ ತಿರುಗುವವರೆಗೂ ಲತಾಮಣಿ ಅವಳ ಬೆನ್ನನ್ನೇ ನೋಡುತ್ತಿದ್ದಳು.

ನಟರಾಜು ಗಾಬರಿಯಿಂದ ತಿರುಗಿದ. "ಅವ್ವಂಗೆ ಮಂಡಿ ನೋವಾ? ಯಾವಾಗಿಂದ?"

"ಇಲ್ಲ."

"ರಾತ್ರಿ ನರಳ್ತು ಅಂದೆ?"

"ಇಲ್ಲ. ಗೊರಕೆ ಹೊಡೀತಾ ಮಲಗಿದ್ರು."

"ಮತ್ಯಾಕ್ ಹಂಗಂದೆ?"

ಕಾಟ ಅಂದದ್ದು ನಿಜವೋ ಸುಳ್ಳೋ, ಬಿ.ಎ. ಓದಿ ಇಷ್ಟು ಮನೆ ಸುತ್ತಿದವಳಿಗೇ ಗೊತ್ತಾಗಲಿಲ್ಲ.

"ಗಾಡಿ ಆಫ್ ಮಾಡ್ರಿ" ಅಂದಳು. ಬ್ಯಾಗನ್ನು ಜಗಲಿಯ ಮೇಲಿಟ್ಟು, ಒಲೆಯ ಹತ್ತಿರದ ಉಪ್ಪಿನ ಮಡಕೆಯಿಂದ ಒಂದು ಹಿಡಿ ಉಪ್ಪು, ನಾಲ್ಕು ಒಣಮೆಣಸಿನಕಾಯಿ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಳು. ಅತ್ತೆಗೆ ದೃಷ್ಟಿ ತೆಗೆಯಬೇಕೆಂದು ತೋಟದ ದಾರಿ ಹಿಡಿದಳು.